ಎತ್ತು ಗಾಡಿಯ ಮುಂದೋ, ಹಿಂದೋ?

ಇಟಲಿಯ ಉತ್ತರಕ್ಕೆ ಪೋ ನದಿಯ ಬಯಲು. ಕಣ್ಣು ಹಾಯುವಷ್ಟು ದೂರ ಗುಡ್ಡವಿಲ್ಲ, ದಿಣ್ಣೆಯಿಲ್ಲ. ಗೋಧಿ, ಮುಸುಕಿನ ಜೋಳ, ದನಗಳ ಮೇವಿಗೆ ಬೆಳೆದ ಹುಲ್ಲು, ನಡುನಡುವೆ ಹಣ್ಣಿನ ತೋಟಗಳು. ಚಳಿಗಾಲದಲ್ಲಿ ನೆಲಕ್ಕಂಟಿದ ಮಂಜು ದಿನಗಟ್ಟಲೆ ಕದಲುವುದಿಲ್ಲ. ಬೇಸಗೆಯ ಸೆಕೆ ನಮ್ಮ ಕರಾವಳಿಯ ಏಪ್ರಿಲ್ ತಿಂಗಳನ್ನು ನೆನಪಿಸೀತು. ಈ ಬಯಲು ಮುಗಿದು ಅಪೆನೈನ್ ಬೆಟ್ಟಸಾಲು ಏಳುವ ಅಂಚಿನಲ್ಲಿ ದಾರ ಹಿಡಿದು ಗೆರೆ ಎಳೆದಂಥ ಒಂದು ರಸ್ತೆ ಇದೆ. ಕ್ರಿ.ಪೂ. 187ರಲ್ಲಿ ರೋಮನ್ ಕಾನ್ಸಲ್ ಮಾರ್ಕಸ್ ಎಮಿಲಿಯಸ್ ಲೆಪಿಡಸ್ ಹಾಕಿಸಿದ್ದು. ಪಿಯಾಚೆಂಜದಿಂದ ಸಮುದ್ರತೀರದ ರಿಮಿನಿಯವರೆಗೆ ಹೋಗುವ ಈ ವಿಯಾ ಎಮಿಲಿಯ ರಸ್ತೆಯಿಂದಲೇ ಇಡೀ ಸೀಮೆಗೆ ಎಮಿಲಿಯ ಎಂಬ ಹೆಸರು ಬಂತು. ಪಾರ್ಮ, ರೆಜ್ಜೊ, ಮೊದೆನ, ಬೊಲೊನ್ಯ ಎಲ್ಲವೂ ಈ ಒಂದೇ ದಾರದಲ್ಲಿ ಪೋಣಿಸಿದ ಊರುಗಳು.

ಗಿಣ್ಣಿನ ಚಕ್ಕೆಗಳಂಥ ದೊಡ್ಡ ದೊಡ್ಡ ಚೀಸ್ ಗಾಲಿಗಳಿಗೆ, ಮರದ ಪೀಪಾಯಿಗಳಲ್ಲಿ ಕನಿಷ್ಠ 12 ವರ್ಷ ಕೂತು ಹದವಾಗುವ ಕಪ್ಪು ವಿನೆಗರಿಗೆ ಈ ಸೀಮೆ ಹೆಸರುವಾಸಿ. ಹಾಗೆಯೇ ವೇಗಕ್ಕೂ. ಫೆರಾರಿ, ಲ್ಯಾಂಬೊರ್ಗಿನಿ, ಮಾಸೆರಾಟಿ, ಪಗಾನಿ ಕಾರುಗಳು, ಡುಕಾಟಿ ಮೋಟಾರ್ ಸೈಕಲ್‌ಗಳು ಎಲ್ಲವೂ ಹುಟ್ಟುವುದು ಇಲ್ಲೇ, ಒಂದರಿಂದ ಒಂದಕ್ಕೆ ತಾಸೊಪ್ಪತ್ತಿನ ದಾರಿಯೊಳಗೆ. ಪ್ರವಾಸೋದ್ಯಮದವರು ಇದಕ್ಕೆ ‘ಮೋಟಾರ್ ಕಣಿವೆ’ ಎಂದು ಹೆಸರಿಟ್ಟಿದ್ದಾರೆ. ಹಪ್ಪಳದಂತೆ ಚಪ್ಪಟೆಯಾದ ನೆಲವನ್ನು ಕಣಿವೆ ಎಂದು ಕರೆದವರ ಧೈರ್ಯ ಮೆಚ್ಚಬೇಕು.

ಮೊದೆನದಿಂದ ತೆಂಕಣಕ್ಕೆ ಸುಮಾರು 18 ಕಿಲೋಮೀಟರ್ ಹೋದರೆ ಮರನೆಲ್ಲೊ. ಅದು ಫೆರಾರಿಯ ಊರು. ಮೂಡಣಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ ಹೋದರೆ ಸಾಂತಾಗತ ಬೊಲೊನ್ಯೇಸೆ. ಅದು ಲ್ಯಾಂಬೊರ್ಗಿನಿಯ ಊರು. ಈ ಎರಡು ಸಣ್ಣ ಊರುಗಳ ನಡುವೆ 1960ರ ದಶಕದಲ್ಲಿ ಒಂದು ವಾದ ನಡೆಯಿತು. ಕಾರಿನ ಎಂಜಿನ್ ಇರಬೇಕಾದದ್ದು ಎಲ್ಲಿ, ಚಾಲಕನ ಮುಂದೋ, ಬೆನ್ನ ಹಿಂದೋ? ಇವತ್ತು ಮರನೆಲ್ಲೊದ ವಸ್ತುಸಂಗ್ರಹಾಲಯದಲ್ಲಿ ಕಾರಿನಿಂದ ಕಾರಿಗೆ ನಡೆಯುವ ವಿದ್ಯಾರ್ಥಿ, ಬಣ್ಣ ಬೆಡಗುಗಳನ್ನು ಒಂದು ಗಳಿಗೆ ಬದಿಗಿಟ್ಟು ಚಾಲಕನ ಸೀಟು ಎಲ್ಲಿದೆ ಎಂಬುದನ್ನಷ್ಟೇ ಗಮನಿಸಿದರೆ ಸಾಕು, ಆ ವಾದದ ಪೂರ್ತಿ ಕತೆ ಅಲ್ಲಿ ಸಾಲಾಗಿ ನಿಂತಿದೆ.

ಇದೇನು ಅಷ್ಟು ದೊಡ್ಡ ಪ್ರಶ್ನೆಯೇ ಎಂದು ತಂದೆತಾಯಂದಿರು ಕೇಳಬಹುದು. ಕಾರಿನಲ್ಲಿ ಅತಿ ತೂಕದ ಭಾಗವೆಂದರೆ ಎಂಜಿನ್. ಎತ್ತಿನ ಗಾಡಿಗೆ ಮೂಟೆ ಹೇರಿದವರಿಗೆ ಗೊತ್ತು: ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ಕಾರಿನದೂ ಅದೇ ಲೆಕ್ಕ, ವೇಗ ಮಾತ್ರ ಬೇರೆ. ಬಸ್ಸು ಗಕ್ಕನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುತ್ತಾರಲ್ಲ, ಹಾಗೆ ಕಾರು ಜೋರಾಗಿ ಮುನ್ನುಗ್ಗುವಾಗ ಅದರ ಭಾರ ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಎಂಜಿನ್ ಕೂಡ ಆ ಚಕ್ರಗಳ ಹತ್ತಿರವೇ ಇದ್ದರೆ ಅವು ನೆಲವನ್ನು ಇನ್ನೂ ಗಟ್ಟಿಯಾಗಿ ಕಚ್ಚುತ್ತವೆ. ಸುಮ್ಮನೆ ತಿರುಗಿ ಟೈರು ಸವೆಸುವುದಿಲ್ಲ.

ಇನ್ನೊಂದು ವಿಷಯ ತಿರುವಿನದು. ಹೆಗಲ ಮೇಲೆ ಕಾವಡಿ ಹೊತ್ತವನನ್ನು ನೆನೆಸಿಕೊಳ್ಳಿ. ಅಡ್ಡೆಯ ಎರಡು ತುದಿಗೆ ಎರಡು ತುಂಬಿದ ಕೊಡ. ಅವನು ನೇರ ನಡೆಯುವಾಗ ಯಾವ ತೊಂದರೆಯೂ ಇಲ್ಲ, ತೂಕ ಸಮನಾಗಿದೆ. ಆದರೆ ನಿಂತಲ್ಲೇ ಗರ್ರನೆ ತಿರುಗು ಎಂದರೆ ತಿರುಗಲಾರ, ತಿರುಗಿದರೆ ನಿಲ್ಲಲಾರ. ಅದೇ ಎರಡು ಕೊಡಗಳನ್ನು ಹೆಗಲ ಹತ್ತಿರಕ್ಕೆ ಸರಿಸಿದರೆ ಥಟ್ಟನೆ ತಿರುಗಬಹುದು. ಒಟ್ಟು ತೂಕ ಅಷ್ಟೇ. ಅದು ನಡುವಿನಿಂದ ಎಷ್ಟು ದೂರವಿದೆ ಎಂಬುದರಲ್ಲಿ ಎಲ್ಲ ಇದೆ. ಭೌತಶಾಸ್ತ್ರದ ಪಠ್ಯದಲ್ಲಿ ಜಡತ್ವದ ಮಹತ್ವ ಎಂದು ಓದಿ, ಸೂತ್ರ ಬಾಯಿಪಾಠ ಮಾಡಿ, ಪರೀಕ್ಷೆ ಬರೆದು ಮರೆತುಬಿಡುವ ಪಾಠ ಇದೇ. ಎಂಜಿನ್ನನ್ನು ಚಾಲಕನ ಬೆನ್ನಿಗೂ ಹಿಂದಿನ ಅಚ್ಚಿಗೂ ನಡುವೆ ಇಟ್ಟರೆ ಕಾರಿನ ತೂಕವೆಲ್ಲ ನಡುವಿಗೆ ಬಂದು ಸೇರುತ್ತದೆ. ಸ್ಟೀರಿಂಗ್ ತಿರುಗಿಸಿದೊಡನೆ ಕಾರು ತಿರುಗುತ್ತದೆ.

ಆದರೆ ಬೇಗ ತಿರುಗುವ ವಸ್ತು ಬೇಗ ಹತೋಟಿಯನ್ನೂ ಮೀರುತ್ತದೆ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಮೇಲಿನ ಕಾಲನ್ನು ಒಮ್ಮೆಗೇ ಎತ್ತಿದರೆ ಇಂಥ ಕಾರಿನ ಹಿಂಭಾಗ ಜಾರಿ ಬುಗುರಿಯಂತೆ ಸುತ್ತಿಬಿಡಬಹುದು. ಮುಂದೆ ಎಂಜಿನ್ ಇರುವ ಕಾರು ಎಚ್ಚರಿಕೆ ಕೊಟ್ಟು, ನಿಧಾನವಾಗಿ ಜಾರುತ್ತದೆ. ಪಳಗಿದ ಚಾಲಕನಿಗೆ ಯಾವುದು ವರವೋ ಹೊಸಬನಿಗೆ ಅದೇ ಅಪಾಯ. ಜೊತೆಗೆ ಎಂಜಿನ್ನಿನ ಶಾಖ, ಗದ್ದಲ ಕಿವಿಯ ಬುಡಕ್ಕೆ. ಸಾಮಾನು ಇಡಲು ಜಾಗವಿಲ್ಲ. ಹಿಂದೆ ಏನು ಬರುತ್ತಿದೆ ಎಂದು ಕಾಣುವುದಿಲ್ಲ.

ನಮ್ಮ ರಸ್ತೆಗಳಲ್ಲೂ ಇದರ ಎಲ್ಲ ಬಗೆಯನ್ನು ನೋಡಿಯೇ ಇದ್ದೇವೆ. ಅಂಬಾಸಿಡರ್ ಕಾರಿನಲ್ಲಿ ಎಂಜಿನ್ ಮುಂದೆ, ಓಡುವ ಚಕ್ರ ಹಿಂದೆ. ಆಟೋರಿಕ್ಷಾದಲ್ಲಿ ಎಂಜಿನ್ ಪ್ರಯಾಣಿಕರ ಸೀಟಿನ ಕೆಳಗೆ, ಹಿಂದೆ. 1984ರಿಂದ 2019ರವರೆಗೆ ತಯಾರಾದ ಮಾರುತಿ ಓಮ್ನಿ ವ್ಯಾನಿನಲ್ಲಿ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿ, ಮುಂದಿನ ಅಚ್ಚಿನಿಂದ ಈಚೆಗೆ. ತಿರುಗಿಸುವುದು ಹಿಂದಿನ ಚಕ್ರಗಳನ್ನು. ಅಂದರೆ ಶಾಲೆಯ ಮಕ್ಕಳನ್ನು ತುಂಬಿಕೊಂಡು ಹೋಗುತ್ತಿದ್ದ ಆ ಬಡಪಾಯಿ ವ್ಯಾನು ಕೂಡ ಲೆಕ್ಕದ ಪ್ರಕಾರ ನಡು-ಎಂಜಿನ್ನಿನ ವಾಹನವೇ! ಸೀಟು ಬಿಸಿಯಾಗುತ್ತಿದ್ದುದು ಅದರಲ್ಲಿ ಕೂತವರಿಗೆಲ್ಲ ನೆನಪಿದ್ದೀತು.

ಮರನೆಲ್ಲೊದ ಹಟ

ಎಂಝೊ ಫೆರಾರಿ ಹುಟ್ಟಿದ್ದು 1898ರಲ್ಲಿ, ಮೊದೆನದಲ್ಲಿ. ಅವರು ಹುಟ್ಟಿದ ಮನೆ ಮತ್ತು ತಂದೆಯ ಕಾರ್ಯಾಗಾರ ಈಗ ವಸ್ತುಸಂಗ್ರಹಾಲಯವಾಗಿದೆ. 2012ರಲ್ಲಿ ಅದರ ಪಕ್ಕದಲ್ಲೇ ಕಾರಿನ ಬಾನೆಟ್ಟಿನಂಥ ಹಳದಿ ಚಾವಣಿಯ ಹೊಸ ಕಟ್ಟಡವೂ ಎದ್ದಿದೆ. 1929ರಲ್ಲಿ ಮೊದೆನದಲ್ಲೇ ರೇಸಿನ ತಂಡ ಕಟ್ಟಿದ ಅವರು ಯುದ್ಧಕಾಲದಲ್ಲಿ, 1943ರಲ್ಲಿ, ಕಾರ್ಖಾನೆಯನ್ನು ಮರನೆಲ್ಲೊಗೆ ಒಯ್ದರು. ಫೆರಾರಿ ಹೆಸರಿನ ಮೊದಲ ಕಾರು ಅದರ ಗೇಟಿನಿಂದ ಹೊರಬಂದದ್ದು 1947ರಲ್ಲಿ. ಹನ್ನೆರಡು ಸಿಲಿಂಡರಿನ ಪುಟ್ಟ ಎಂಜಿನ್, ಒಂದೂವರೆ ಲೀಟರಿನದು, ಚಾಲಕನ ಮುಂದೆ.

ಎಂಝೊ ಅವರ ಪಾಲಿಗೆ ಕಾರು ಎಂದರೆ ಎಂಜಿನ್. ಉಳಿದದ್ದೆಲ್ಲ ಅದನ್ನು ಹೊರುವ ಸಲಕರಣೆ. ಅದರ ಸ್ಥಾನ ಮುಂದೆಯೇ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಎತ್ತು ಗಾಡಿಯನ್ನು ಎಳೆಯುತ್ತದೆಯೇ ಹೊರತು ತಳ್ಳುವುದಿಲ್ಲ ಎಂಬ ಅರ್ಥದ ಮಾತು ಅವರದೆಂದು ಇಂದಿಗೂ ಪ್ರಚಾರದಲ್ಲಿದೆ. ರೈತರ ಸೀಮೆಯ ಮಾತು, ಕೇಳಲು ಸೊಗಸು. ಆದರೆ ಸ್ವಲ್ಪ ಯೋಚಿಸಿದರೆ ಹೋಲಿಕೆ ಕುಂಟುತ್ತದೆ. ಅವರ ಕಾರುಗಳಲ್ಲಿ ಎಂಜಿನ್ ಮುಂದಿದ್ದರೂ ತಿರುಗುತ್ತಿದ್ದುದು ಹಿಂದಿನ ಚಕ್ರಗಳು. ಎತ್ತನ್ನು ಮುಂದೆ ನಿಲ್ಲಿಸಿ ಗಾಡಿಯನ್ನು ಹಿಂದಿನಿಂದಲೇ ನೂಕಿಸುತ್ತಿದ್ದರು!

ಎಂಝೊ ಅವರ ಅಂಜಿಕೆಗೆ ಕಾರಣಗಳೂ ಇದ್ದವು. 1930ರ ದಶಕದಲ್ಲಿ ಜರ್ಮನಿಯ ಆಟೊ ಯೂನಿಯನ್ ಸಂಸ್ಥೆ ಬೆನ್ನ ಹಿಂದೆ ಎಂಜಿನ್ ಇಟ್ಟ ರೇಸ್ ಕಾರುಗಳನ್ನು ಓಡಿಸಿತ್ತು. ಗೆಲ್ಲುವ ಕಾರುಗಳು, ಆದರೆ ಕೈಗೆ ಸಿಗದ ಕಾರುಗಳೆಂದು ಹೆಸರು ಪಡೆದವು. ಅವುಗಳ ವಿರುದ್ಧ ಆಲ್ಫಾ ರೋಮಿಯೊ ಕಾರುಗಳನ್ನು ಇಳಿಸುತ್ತಿದ್ದುದು ಎಂಝೊ ಅವರ ತಂಡವೇ.

ಈ ಹಟವನ್ನು ಮುರಿದವರು ಇಂಗ್ಲೆಂಡಿನ ಒಂದು ಸಣ್ಣ ಗ್ಯಾರೇಜಿನ ಅಪ್ಪ-ಮಗ, ಚಾರ್ಲ್ಸ್ ಕೂಪರ್ ಮತ್ತು ಜಾನ್ ಕೂಪರ್. ಯುದ್ಧ ಮುಗಿದ ಬಡತನದ ದಿನಗಳಲ್ಲಿ ಅವರು ಮೋಟಾರ್ ಸೈಕಲ್ಲಿನ 500 ಸಿ.ಸಿ. ಎಂಜಿನ್ ಹಾಕಿ ಪುಟಾಣಿ ರೇಸ್ ಕಾರು ಕಟ್ಟಿದರು. ಚಕ್ರ ತಿರುಗಿಸಲು ಸೈಕಲ್ಲಿನಂತೆ ಚೈನು. ಚೈನು ಹಿಂದಿನ ಚಕ್ರಕ್ಕೆ ಹತ್ತಿರವಿರಬೇಕು ಎಂದು ಎಂಜಿನ್ನನ್ನು ಹಿಂದೆ ಕೂರಿಸಿದರು. ಸಿದ್ಧಾಂತವೂ ಇಲ್ಲ, ಪ್ರಬಂಧವೂ ಇಲ್ಲ; ಅನುಕೂಲ, ಅಷ್ಟೇ. ಅದೇ ಜಾಡಿನ ದೊಡ್ಡ ಕಾರು 1958ರ ಅರ್ಜೆಂಟೀನಾ ಗ್ರ್ಯಾನ್ ಪ್ರಿಯಲ್ಲಿ ಸ್ಟರ್ಲಿಂಗ್ ಮಾಸ್ ಕೈಯಲ್ಲಿ ಗೆದ್ದಿತು. 1959 ಮತ್ತು 1960ರಲ್ಲಿ ಜಾಕ್ ಬ್ರಾಬಮ್ ಕೂಪರ್ ಕಾರಿನಲ್ಲೇ ವಿಶ್ವ ಚಾಂಪಿಯನ್ ಆದರು. 1960ರ ಮೊಂಜಾ ಓಟದಲ್ಲಿ, ಬ್ರಿಟಿಷ್ ತಂಡಗಳು ಬಹಿಷ್ಕರಿಸಿದ್ದ ಕಣದಲ್ಲಿ, ಮುಂದೆ ಎಂಜಿನ್ ಇದ್ದ ಫೆರಾರಿ ಗೆದ್ದದ್ದೇ ಆ ಬಗೆಯ ಕಾರಿಗೆ ಫಾರ್ಮುಲಾ ಒನ್‌ನಲ್ಲಿ ಸಿಕ್ಕ ಕಡೆಯ ಜಯ. ಮರುವರ್ಷ ಮರನೆಲ್ಲೊ ಮಣಿಯಿತು. ಕಾರ್ಲೊ ಕಿತಿ ರೂಪಿಸಿದ, ಬೆನ್ನ ಹಿಂದೆ ಎಂಜಿನ್ ಇದ್ದ ಕಾರಿನಲ್ಲಿ ಫಿಲ್ ಹಿಲ್ 1961ರ ವಿಶ್ವ ಚಾಂಪಿಯನ್ ಆದರು.

ರೇಸಿನಲ್ಲೇನೋ ಸರಿ, ಅಲ್ಲಿ ಓಡಿಸುವವರು ಪಳಗಿದವರು. ಹಣ ಕೊಟ್ಟು ಕೊಳ್ಳುವ ಗಿರಾಕಿಯ ಕೈಗೆ ಅಂಥ ಕಾರು ಕೊಡಲು ಎಂಝೊ ಒಪ್ಪಲಿಲ್ಲ. ಕಾರ್ಖಾನೆಯ ಒಂದೇ ಅಂಗಳದಲ್ಲಿ ಎರಡು ಧರ್ಮ: ರೇಸಿನ ಕಾರಿಗೆ ಎಂಜಿನ್ ಹಿಂದೆ, ರಸ್ತೆಯ ಕಾರಿಗೆ ಎಂಜಿನ್ ಮುಂದೆ. ಇದನ್ನು ಬರೀ ಹಟಮಾರಿತನ ಎಂದು ಬರೆದವರಿದ್ದಾರೆ. ಮುದುಕನ ಮಾತಿನಲ್ಲಿ ಅರ್ಧದಷ್ಟಾದರೂ ಸತ್ಯವಿತ್ತು. ಆ ಕಾಲದ ಟೈರು, ಆ ಕಾಲದ ಬ್ರೇಕು, ಇವುಗಳ ಮೇಲೆ ಗಂಟೆಗೆ ಇನ್ನೂರೈವತ್ತು ಕಿಲೋಮೀಟರ್ ಓಡುವ ಯಂತ್ರವನ್ನು ಸಿರಿವಂತನೊಬ್ಬನ ಕೈಗೆ ಕೊಡುವಾಗ ತಯಾರಕನಿಗೆ ಅಳುಕು ಇರಬೇಕಾದದ್ದೇ.

ಟ್ರ್ಯಾಕ್ಟರ್ ಕಾರ್ಖಾನೆಯ ಮಗ್ಗುಲಲ್ಲಿ

ಸಾಂತಾಗತದ ಕಡೆ ಹೋಗುವ ರಸ್ತೆಯಲ್ಲಿ ಮರನೆಲ್ಲೊದ ಸಡಗರವಿಲ್ಲ. ಅಲ್ಲಿ ವೃತ್ತದಲ್ಲಿ ಮುಂಗಾಲೆತ್ತಿ ನಿಂತ ಕುದುರೆಯ ಪ್ರತಿಮೆ, ಬೀದಿಗೊಂದು ಕೆಂಪು ಟೋಪಿ ಮಾರುವ ಅಂಗಡಿ, ಫೆರಾರಿ ಗೆದ್ದ ದಿನ ಗಂಟೆ ಬಾರಿಸುವ ಚರ್ಚು. ಇಲ್ಲಿ ಹೊಲಗಳ ನಡುವೆ ಥಟ್ಟನೆ ಒಂದು ಕಾರ್ಖಾನೆ, ಅದರ ಮುಂಭಾಗದಲ್ಲಿ ವಸ್ತುಸಂಗ್ರಹಾಲಯ. ಒಂದೊಂದು ಸಲ ಟ್ರ್ಯಾಕ್ಟರ್ ಒಂದರ ಹಿಂದೆ ಕೋಟಿಗಟ್ಟಲೆ ಬೆಲೆಯ ಕಾರು ತಾಳ್ಮೆಯಿಂದ ತೆವಳುವುದೂ ಉಂಟು. ಅದು ನ್ಯಾಯವೇ ಸರಿ, ಏಕೆಂದರೆ ಇಲ್ಲಿ ಟ್ರ್ಯಾಕ್ಟರೇ ಹಿರಿಯಣ್ಣ.

ಫೆರುಚ್ಚೊ ಲ್ಯಾಂಬೊರ್ಗಿನಿ 1916ರಲ್ಲಿ ಹತ್ತಿರದ ರೆನಾಜ್ಜೊ ಎಂಬಲ್ಲಿ ರೈತರ ಮನೆಯಲ್ಲಿ ಹುಟ್ಟಿದವರು. ಯುದ್ಧದಲ್ಲಿ ರೋಡ್ಸ್ ದ್ವೀಪದಲ್ಲಿ ಸೇನೆಯ ವಾಹನಗಳನ್ನು ರಿಪೇರಿ ಮಾಡುತ್ತಿದ್ದರು. ಯುದ್ಧ ಮುಗಿದಾಗ ಬಯಲಿನ ರೈತರಿಗೆ ಟ್ರ್ಯಾಕ್ಟರ್ ಬೇಕಿತ್ತು, ಹಣವಿರಲಿಲ್ಲ. ಸೇನೆ ಬಿಟ್ಟುಹೋದ ವಾಹನಗಳ ರಾಶಿ ಇತ್ತು. ಫೆರುಚ್ಚೊ ಆ ಗುಜರಿಯಿಂದ ಟ್ರ್ಯಾಕ್ಟರ್ ಕಟ್ಟಿ ಮಾರಿದರು, ಸಿರಿವಂತರಾದರು, ಫೆರಾರಿ ಕಾರು ಕೊಂಡರು. ಅದರ ಕ್ಲಚ್ ಮೇಲಿಂದ ಮೇಲೆ ಕೆಡುತ್ತಿತ್ತಂತೆ. ಮರನೆಲ್ಲೊಗೆ ಹೋಗಿ ದೂರಿದಾಗ ಟ್ರ್ಯಾಕ್ಟರಿನವನಿಗೆ ಫೆರಾರಿ ಓಡಿಸಲು ಬರುವುದಿಲ್ಲ ಎಂಬ ಧಾಟಿಯ ಉತ್ತರ ಬಂತೆಂದು ಅವರೇ ಮುಂದೆ ಸಂದರ್ಶನಗಳಲ್ಲಿ ಹೇಳಿಕೊಂಡರು. ಒಂದು ಕ್ಲಚ್ಚಿನ ಸಿಟ್ಟಿಗೆ ಕಾರ್ಖಾನೆಯೇ ಎದ್ದಿತು ಎಂಬುದು ಊರಿನವರು ಇಷ್ಟಪಟ್ಟು ಹೇಳುವ ಕತೆ. ವ್ಯಾಪಾರಿಯ ಲೆಕ್ಕಾಚಾರವೂ ಜೊತೆಗೆ ಇದ್ದಿರಲೇಬೇಕು. 1963ರಲ್ಲಿ ಸಾಂತಾಗತದಲ್ಲಿ ಕಾರ್ಖಾನೆ ಶುರುವಾಯಿತು. ಮರನೆಲ್ಲೊ ಬಿಟ್ಟುಬಂದಿದ್ದ ಜೊತ್ತೊ ಬಿಝರಿನಿ ಹನ್ನೆರಡು ಸಿಲಿಂಡರಿನ ಎಂಜಿನ್ ರೂಪಿಸಿಕೊಟ್ಟರು. ಮೊದಲ ಕಾರುಗಳು ಸಂಪ್ರದಾಯಸ್ಥವೇ: ಎಂಜಿನ್ ಮುಂದೆ, ಸವಾರಿ ಸುಖ.

ವಿದ್ಯಾರ್ಥಿಗಳು ಗಮನಿಸಬೇಕಾದ ಭಾಗ ಇಲ್ಲಿಂದ ಮುಂದಿದೆ. ಕಾರ್ಖಾನೆಯ ಮುಖ್ಯ ಎಂಜಿನಿಯರ್ ಜಾನ್ ಪಾವ್ಲೊ ದಲ್ಲಾರ, 1936ರಲ್ಲಿ ಹುಟ್ಟಿದವರು. ಅವರ ಜೊತೆಗಾರ ಪಾವ್ಲೊ ಸ್ತಾನ್ಸಾನಿ, ಅವರೂ 1936ರವರೇ. ಕಾರು ಓಡಿಸಿ ಪರೀಕ್ಷಿಸುವ ಬಾಬ್ ವ್ಯಾಲೆಸ್ ನ್ಯೂಜಿಲೆಂಡಿನಿಂದ ಬಂದ ಹುಡುಗ, ಇಬ್ಬರಿಗಿಂತಲೂ ಚಿಕ್ಕವರು. ಮೂವರಿಗೂ ಮೂವತ್ತು ತುಂಬಿರಲಿಲ್ಲ. ರೇಸಿನ ಹುಚ್ಚು ಮೂವರಿಗೂ ಇತ್ತು; ಯಜಮಾನರಿಗೆ ರೇಸು ಬೇಡವಾಗಿತ್ತು. ದಿನದ ಕೆಲಸ ಮುಗಿದ ಮೇಲೆ, ರಾತ್ರಿಗಳಲ್ಲಿ, ರೇಸ್ ಕಾರಿನಂತೆ ಬೆನ್ನ ಹಿಂದೆ ಎಂಜಿನ್ ಇಟ್ಟ ರಸ್ತೆ ಕಾರಿನ ನಕ್ಷೆ ತೆಗೆಯತೊಡಗಿದರು.

ಅಡಚಣೆ ಒಂದೇ, ಅದೂ ಅಳತೆಯದು. ಹನ್ನೆರಡು ಸಿಲಿಂಡರಿನ ಎಂಜಿನ್ ಉದ್ದ. ಅದರ ಬಾಲಕ್ಕೆ ಗೇರ್‌ಬಾಕ್ಸ್ ಕಟ್ಟಿದರೆ ಇನ್ನೂ ಉದ್ದ. ಇದನ್ನು ಸೀಟಿನ ಹಿಂದೆ ಉದ್ದಕ್ಕೆ ಮಲಗಿಸಿದರೆ ಕಾರು ದೋಣಿಯಂತಾಗುತ್ತದೆ. ಉತ್ತರ ಸಿಕ್ಕಿದ್ದು ಆಗ ಬೀದಿಬೀದಿಯಲ್ಲಿ ಓಡುತ್ತಿದ್ದ ಇಂಗ್ಲೆಂಡಿನ ಅಗ್ಗದ ಕಾರು ಮಿನಿಯಲ್ಲಿ. 1959ರಲ್ಲಿ ಬಂದ ಆ ಕಾರಿನಲ್ಲಿ ಅಲೆಕ್ ಇಸಿಗೊನಿಸ್ ಎಂಜಿನ್ನನ್ನು ಅಡ್ಡಡ್ಡಲಾಗಿ ತಿರುಗಿಸಿ, ಗೇರುಗಳನ್ನು ಅದರ ಅಡಿಯ ಎಣ್ಣೆ ತೊಟ್ಟಿಯಲ್ಲೇ ಕೂರಿಸಿದ್ದರು. ನಮ್ಮ ಮಾರುತಿ 800ರಲ್ಲಿ ಎಂಜಿನ್ ಅಡ್ಡಕ್ಕೆ ಇದ್ದುದೂ ಅದೇ ಪರಂಪರೆಯೇ. ಸಂಸಾರಸ್ಥರ ಕಾರಿನ ಈ ಉಪಾಯವನ್ನು ದಲ್ಲಾರ ನಾಲ್ಕು ಲೀಟರ್ ಎಂಜಿನ್ನಿಗೆ ಒಗ್ಗಿಸಿದರು. ಎಂಜಿನ್ ಅಡ್ಡಕ್ಕೆ, ಅದರ ಹಿಂದೆಯೇ ಗೇರ್‌ಬಾಕ್ಸ್, ಎರಡಕ್ಕೂ ಒಂದೇ ಎರಕದ ಒಡಲು, ಒಂದೇ ಎಣ್ಣೆ. ಹನ್ನೆರಡು ಸಿಲಿಂಡರು ಇಬ್ಬರ ಬೆನ್ನಿಗೆ ಅಂಟಿ ಕೂತವು.

1965ರ ನವೆಂಬರ್‌ನಲ್ಲಿ ತುರಿನ್ ಪ್ರದರ್ಶನಕ್ಕೆ ಹೋದದ್ದು ಮೈಯಿಲ್ಲದ ಬರೀ ಚಾಸಿ. ತೂಕ ಇಳಿಸಲು ಮೈತುಂಬ ತೂತು ಕೊರೆದ ಉಕ್ಕಿನ ಅಸ್ಥಿಪಂಜರ. ಫೆರುಚ್ಚೊ ಅದನ್ನು ಜಾಹೀರಾತಿಗಾದೀತು ಎಂದುಕೊಂಡು ಒಪ್ಪಿದ್ದರು. ಜನ ಮುಗಿಬಿದ್ದರು. ಬೆರ್ತೊನೆ ಸಂಸ್ಥೆ ಅದಕ್ಕೆ ಮೈ ಕಟ್ಟಲು ಮುಂದೆ ಬಂತು. ಗೆರೆ ಎಳೆದ ಮಾರ್ಚೆಲ್ಲೊ ಗಾಂದಿನಿಗೂ ಮೂವತ್ತಾಗಿರಲಿಲ್ಲ. 1966ರ ಮಾರ್ಚ್‌ನಲ್ಲಿ, ನಾಲ್ಕೇ ತಿಂಗಳಲ್ಲಿ, ಜಿನೀವಾದಲ್ಲಿ ಕಾರು ನಿಂತಿತ್ತು. ನೆಲದಿಂದ ಒಂದು ಮೀಟರಿಗಿಂತ ಸ್ವಲ್ಪವೇ ಎತ್ತರ, 350 ಅಶ್ವಶಕ್ತಿ. ಹೆಸರು ಮಿಯುರಾ. ಕಾಳಗದ ಗೂಳಿಗಳನ್ನು ಸಾಕುತ್ತಿದ್ದ ಸ್ಪೇನಿನ ಮನೆತನದ ಹೆಸರು ಅದು. ಮರನೆಲ್ಲೊದಲ್ಲಿ ಎಳೆಯುವ ಎತ್ತಿನ ಮಾತಾದರೆ, ಇಲ್ಲಿ ತಿವಿಯುವ ಗೂಳಿ.

ಮಿಯುರಾ ದೋಷವಿಲ್ಲದ ಕಾರಾಗಿರಲಿಲ್ಲ, ಅದನ್ನು ಹೇಳದೆ ಹೊಗಳುವುದು ಸರಿಯಲ್ಲ. ಪೆಟ್ರೋಲ್ ಟ್ಯಾಂಕು ಮುಂದಿತ್ತು. ಓಡುತ್ತ ಓಡುತ್ತ ಅದು ಬರಿದಾದಂತೆ ಮೂತಿ ಹಗುರವಾಗಿ, ಅತಿ ವೇಗದಲ್ಲಿ ಗಾಳಿಗೆ ಎತ್ತಿಕೊಳ್ಳುತ್ತಿತ್ತು. ಸ್ಟೀರಿಂಗ್ ಹಿಡಿದವನ ಕೈಗೆ ಏನೂ ಹತ್ತದಂತಾಗುತ್ತಿತ್ತು. ಬೆನ್ನ ಹಿಂದಿನ ಎಂಜಿನ್ ಒಳಗೆ ಕೂತವರನ್ನು ಬೇಯಿಸುತ್ತಿತ್ತು. ಎಂಜಿನ್ನಿಗೂ ಗೇರಿಗೂ ಒಂದೇ ಎಣ್ಣೆಯಾದ್ದರಿಂದ ಗೇರಿನ ಹಲ್ಲು ಸವೆದ ಲೋಹದ ಚೂರು ಎಂಜಿನ್ನಿನ ಒಡಲು ಸೇರುವ ಭಯ. ಇವನ್ನೆಲ್ಲ ವರ್ಷ ವರ್ಷ ತಿದ್ದುತ್ತ ಬಂದರು. ಎಣ್ಣೆಯನ್ನು ಬೇರೆ ಬೇರೆ ಮಾಡಿದ್ದು ಕಡೆಯ ಮಾದರಿಯ ಕೆಲವು ಕಾರುಗಳಲ್ಲಿ ಮಾತ್ರ. ಎಂಝೊ ಅವರ ಭಯ ಸುಳ್ಳಾಗಿರಲಿಲ್ಲ ಎಂದಾಯಿತು. ಆದರೂ 1973ರ ಹೊತ್ತಿಗೆ ಏಳುನೂರೈವತ್ತಕ್ಕೂ ಹೆಚ್ಚು ಮಿಯುರಾಗಳು ಮಾರಾಟವಾದವು. ಅಷ್ಟು ದುಬಾರಿಯ, ಅಷ್ಟು ಅನಾನುಕೂಲದ ಕಾರಿಗೆ ಅದು ದೊಡ್ಡ ಸಂಖ್ಯೆ.

ಹೋದದ್ದು, ಮರಳಿದ್ದು

ಮಿಯುರಾ ಬಂದ ಎರಡು ವರ್ಷಕ್ಕೆ, 1968ರಲ್ಲಿ, ಮರನೆಲ್ಲೊದಿಂದ ಬಂದ ಉತ್ತರ ಡೇಟೋನ ಎಂದು ಹೆಸರಾದ ಕಾರು. ಎಂಜಿನ್ ಮತ್ತೆ ಮುಂದೆಯೇ! ಗೇರ್‌ಬಾಕ್ಸ್ ಮಾತ್ರ ಹಿಂದೆ. ಮೇಲೆ ಹೇಳಿದ ಕಾವಡಿ ಇದೇ: ಎರಡು ತುದಿಗೆ ಎರಡು ಕೊಡ, ಸಮತೂಕ, ನೇರ ರಸ್ತೆಯಲ್ಲಿ ಬಂಡೆಯಂಥ ನೆಮ್ಮದಿ. ಅದೇ ಹೊತ್ತಿಗೆ ಎಂಝೊ ಇನ್ನೊಂದು ಬಾಗಿಲನ್ನು ಸದ್ದಿಲ್ಲದೆ ತೆರೆದಿದ್ದರು. ಆರು ಸಿಲಿಂಡರಿನ ಚಿಕ್ಕ ಎಂಜಿನ್ನನ್ನು ಅಡ್ಡಕ್ಕೆ, ಬೆನ್ನ ಹಿಂದೆ ಇಟ್ಟ ಡಿನೊ ಎಂಬ ಕಾರು. ಶಕ್ತಿ ಕಡಿಮೆ ಇದ್ದರೆ ಅಪಾಯವೂ ಕಡಿಮೆ ಎಂಬ ಲೆಕ್ಕ. ಅದಕ್ಕೆ ಫೆರಾರಿಯ ಮೊಹರನ್ನು ಹಾಕಲಿಲ್ಲ. ಇಟ್ಟ ಹೆಸರು 1956ರಲ್ಲಿ 24ನೇ ವಯಸ್ಸಿನಲ್ಲಿ ತೀರಿಕೊಂಡ ಮಗನದು. ಮರನೆಲ್ಲೊದ ತಾಂತ್ರಿಕ ಶಾಲೆಗೂ ಅದೇ ಮಗನ ಹೆಸರಿದೆ. ಹನ್ನೆರಡು ಸಿಲಿಂಡರಿನ ಎಂಜಿನ್ನು ಫೆರಾರಿಯ ರಸ್ತೆ ಕಾರಿನಲ್ಲಿ ಹಿಂದಕ್ಕೆ ಹೋಗಲು 1973 ಬರಬೇಕಾಯಿತು. ಅದರಲ್ಲೂ ಗೇರ್‌ಬಾಕ್ಸನ್ನು ಎಂಜಿನ್ನಿನ ಅಡಿಗೆ ತುರುಕಿ, ಉದ್ದ ಉಳಿಸಲು ಹೋಗಿ ಭಾರವನ್ನು ಮೇಲಕ್ಕೆ ಏರಿಸಿಕೊಂಡರು. 1984ರ ಟೆಸ್ಟಾರೋಸಾ ಕಾರಿಗೂ ಈ ದೋಷ ಬಳುವಳಿಯಾಗಿ ಬಂತು.

ಎಂಝೊ 1988ರಲ್ಲಿ, ಫೆರುಚ್ಚೊ 1993ರಲ್ಲಿ ತೀರಿಕೊಂಡರು. ಮುದುಕ ಹೋದ ಮೇಲೆ ಅವರ ಹಟವೂ ಹೋಯಿತು ಎಂದುಕೊಳ್ಳುವಷ್ಟರಲ್ಲಿ, 1996ರಲ್ಲಿ, ಊರಿನ ಹೆಸರನ್ನೇ ಹೊತ್ತ 550 ಮರನೆಲ್ಲೊ ಕಾರು ಬಂತು. ಹನ್ನೆರಡು ಸಿಲಿಂಡರು, ಮುಂದೆ! ಆದರೆ ಹಳೆಯ ‘ಮುಂದೆ’ ಅಲ್ಲ. ಎಂಜಿನ್ನನ್ನು ಮುಂದಿನ ಅಚ್ಚಿನಿಂದ ಹಿಂದಕ್ಕೆ, ಚಾಲಕನ ಕಾಲಿನ ಹತ್ತಿರಕ್ಕೆ ಸರಿಸಿದ್ದರು. ಗೇರ್‌ಬಾಕ್ಸ್ ಹಿಂದಿನ ಅಚ್ಚಿಗೆ. ಮೂವತ್ತು ವರ್ಷದಲ್ಲಿ ಟೈರು, ಬ್ರೇಕು, ಚಾಸಿಗಳು ಎಷ್ಟು ಸುಧಾರಿಸಿದ್ದವೆಂದರೆ, ಮರನೆಲ್ಲೊ ಪಕ್ಕದ ಫಿಯೊರಾನೊ ಪರೀಕ್ಷಾ ಪಥದಲ್ಲಿ ಈ ಕಾರು, ತಾನು ಜಾಗ ತುಂಬಿದ ನಡು-ಎಂಜಿನ್ ಕಾರಿಗಿಂತ ಬೇಗ ಸುತ್ತು ಮುಗಿಸಿತು. ಸಾಮಾನಿಗೂ ಜಾಗವಿತ್ತು. ಅಂದಿನಿಂದ ಅಲ್ಲಿ ಎರಡೂ ಸಂಪ್ರದಾಯ ನಡೆದುಬಂದಿವೆ. 2024ರಲ್ಲಿ ಬಂದ ಹನ್ನೆರಡು ಸಿಲಿಂಡರಿನ ಕಾರಿನಲ್ಲೂ ಎಂಜಿನ್ ಮುಂದೆಯೇ. ಆರು ಮತ್ತು ಎಂಟು ಸಿಲಿಂಡರಿನ ತೀವ್ರ ವೇಗದ ಕಾರುಗಳಲ್ಲಿ ಹಿಂದೆ.

ಸಾಂತಾಗತದಲ್ಲಿ ಪ್ರಶ್ನೆ ಬೇರೆಯೇ ದಿಕ್ಕು ಹಿಡಿಯಿತು. ಎಂಜಿನ್ ಹಿಂದೆ ಎಂಬುದು ತೀರ್ಮಾನವಾಗಿತ್ತು; ಯಾವ ಕಡೆ ಮುಖ ಮಾಡಿ ಎಂಬುದು ಉಳಿಯಿತು. ದಲ್ಲಾರ ಬಿಟ್ಟುಹೋದ ಮೇಲೆ ಸ್ತಾನ್ಸಾನಿ, 1971ರಲ್ಲಿ ಮೊದಲು ತೋರಿಸಿದ ಕೌಂಟಾಶ್ ಕಾರಿನಲ್ಲಿ, ಎಂಜಿನ್ನನ್ನು ಉದ್ದಕ್ಕೆ ತಿರುಗಿಸಿ ಹಿಂದುಮುಂದಾಗಿ ಕೂರಿಸಿದರು. ಗೇರ್‌ಬಾಕ್ಸ್ ಎಂಜಿನ್ನಿನ ಮುಂದೆ, ಎರಡು ಸೀಟುಗಳ ನಡುವಿನ ಸುರಂಗದಲ್ಲಿ. ಅಲ್ಲಿಂದ ಶಕ್ತಿ ಎಂಜಿನ್ನಿನ ಎಣ್ಣೆ ತೊಟ್ಟಿಯನ್ನು ಹಾದು ಹಿಂದಿನ ಚಕ್ರಕ್ಕೆ. ಕೇಳಲು ಮೂಗನ್ನು ತಲೆಯ ಹಿಂದಿನಿಂದ ಕೈ ತಂದು ಮುಟ್ಟಿದಂತಿದೆ. ಆದರೆ ಗೇರ್ ಬದಲಿಸುವ ಕೋಲು ನೇರ ಗೇರ್‌ಬಾಕ್ಸಿನ ಮೇಲೆಯೇ ಬಂತು, ಭಾರ ನಡುವಿಗೆ ಸರಿಯಿತು. ಈ ಜೋಡಣೆ ಡಿಯಾಬ್ಲೊ, ಮುರ್ಸಿಯೆಲಾಗೊ, ಅವೆಂಟಡೋರ್‌ಗಳವರೆಗೆ ನಾಲ್ಕು ತಲೆಮಾರು ಬಾಳಿತು. 2023ರ ರೆವುಏಲ್ಟೊ ಕಾರಿನಲ್ಲಿ ಅದು ತಿರುವುಮುರುವಾಯಿತು. ಗೇರ್‌ಬಾಕ್ಸ್ ಎಂಜಿನ್ನಿನ ಹಿಂದಕ್ಕೆ ಹೋಯಿತು. ಖಾಲಿಯಾದ ಸುರಂಗಕ್ಕೆ ಬಂದು ಕೂತದ್ದು ಬ್ಯಾಟರಿ. ಮೂರು ವಿದ್ಯುತ್ ಮೋಟಾರುಗಳಲ್ಲಿ ಎರಡು ಮುಂದಿನ ಚಕ್ರಗಳಿಗೆ.

ಮರನೆಲ್ಲೊ 2025ರ ಅಕ್ಟೋಬರ್‌ನಲ್ಲಿ ತನ್ನ ಮೊದಲ ಪೂರ್ಣ ವಿದ್ಯುತ್ ಕಾರಿನ ಚಾಸಿಯನ್ನು ತೋರಿಸಿತು. ತುರಿನ್‌ನಲ್ಲಿ ಮಿಯುರಾ ನಿಂತಂತೆಯೇ ಮೈಯಿಲ್ಲದೆ. ಚಕ್ರಕ್ಕೊಂದರಂತೆ ನಾಲ್ಕು ಮೋಟಾರು, ಎರಡು ಮುಂದಿನ ಅಚ್ಚಿಗೆ, ಎರಡು ಹಿಂದಿನದಕ್ಕೆ. ಭಾರವಾದ ಬ್ಯಾಟರಿ ನೆಲಗಟ್ಟಿನಲ್ಲಿ. ಎತ್ತು ಮುಂದೂ ಇಲ್ಲ, ಹಿಂದೂ ಇಲ್ಲ. ಗಾಡಿಯ ಪ್ರತಿ ಗಾಲಿಗೂ ಒಂದೊಂದು.

ಇಷ್ಟು ದೂರ ಬಂದವರು ಪಾರ್ಮದಿಂದ ಬೆಟ್ಟದ ಕಡೆಗೆ ವಾರಾನೊ ದೆ ಮೆಲೆಗಾರಿ ಎಂಬ ಹಳ್ಳಿಗೂ ಹೋಗಿಬರಬೇಕು. ರೈಲು ಫೊರ್ನೊವೊವರೆಗೆ ಮಾತ್ರ, ಮುಂದೆ ರಸ್ತೆ. ಅದು ದಲ್ಲಾರ ಅವರ ಹುಟ್ಟೂರು. 1972ರಲ್ಲಿ ಊರಿಗೆ ಮರಳಿ ಅಲ್ಲೇ ಸ್ವಂತ ಸಂಸ್ಥೆ ಕಟ್ಟಿದರು; ಅಮೆರಿಕದ ಇಂಡಿಕಾರ್ ರೇಸಿನ ಎಲ್ಲ ಕಾರುಗಳ ಚಾಸಿ ತಯಾರಾಗುವುದು ಆ ಸಂಸ್ಥೆಯಲ್ಲಿ. 2018ರಲ್ಲಿ ತೆರೆದ ಅದರ ಅಕಾಡೆಮಿಯಲ್ಲಿ ಕಾರುಗಳ ಪ್ರದರ್ಶನವಿದೆ, ಶಾಲಾ ಮಕ್ಕಳಿಗೆ ಭೌತಶಾಸ್ತ್ರದ ಪ್ರಯೋಗಗಳಿವೆ, ತರಗತಿಗಳೂ ಇವೆ. ಬೊಲೊನ್ಯ, ಮೊದೆನ-ರೆಜ್ಜೊ, ಪಾರ್ಮ, ಫೆರಾರ ವಿಶ್ವವಿದ್ಯಾಲಯಗಳು ಈ ಸೀಮೆಯ ಕಾರ್ಖಾನೆಗಳ ಜೊತೆ ಸೇರಿ 2017ರಲ್ಲಿ ಶುರುಮಾಡಿದ ಮೋಟಾರು ವಾಹನ ಎಂಜಿನಿಯರಿಂಗ್ ವ್ಯಾಸಂಗದ ಪಾಠಗಳು ಅಲ್ಲೂ ನಡೆಯುತ್ತವೆ. ಸ್ನಾತಕೋತ್ತರ ಮಟ್ಟದ ಈ ವ್ಯಾಸಂಗದ ಹಲವು ಭಾಗ ಇಂಗ್ಲಿಷಿನಲ್ಲಿದೆ, ಹೊರದೇಶದವರಿಗೂ ಪ್ರವೇಶವುಂಟು.

ಹಳ್ಳಿಯ ಪಕ್ಕದ ರೇಸ್ ಪಥದಲ್ಲಿ ಹಲವು ವರ್ಷಗಳಿಂದ ಬೇಸಗೆಯಲ್ಲಿ ನಾನಾ ದೇಶದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಪುಟ್ಟ ರೇಸ್ ಕಾರುಗಳೊಂದಿಗೆ ಸೇರುತ್ತಾರೆ. ಪೆಟ್ರೋಲ್ ಕಾರುಗಳಲ್ಲಿ ಚಾಲಕನ ಬೆನ್ನಿಗೆ ಎಂಜಿನ್. ವಿದ್ಯುತ್ ಕಾರುಗಳಲ್ಲಿ ಸಾಮಾನ್ಯವಾಗಿ ಅದೇ ಜಾಗದಲ್ಲಿ ಬ್ಯಾಟರಿಯ ಪೆಟ್ಟಿಗೆ. ಓಟ ಗೆದ್ದರಷ್ಟೇ ಸಾಲದು. ಅದನ್ನು ಅಲ್ಲೇ ಏಕೆ ಇಟ್ಟಿರಿ ಎಂಬುದಕ್ಕೆ ತೀರ್ಪುಗಾರರ ಮುಂದೆ ನಿಂತು, ಅಂಕಿಅಂಶ ಹಿಡಿದು, ಉತ್ತರ ಕೊಡಬೇಕು. ಅದಕ್ಕೂ ಅಂಕಗಳಿವೆ.